ಮಾವನ ಮನೆಯ ಬಾಗಿಲು

ನೆಮ್ಮದಿಯ ಬಗ್ಗೆ ಬರೆದವರಿಗೆ ಕನ್ನಡ ವಿಮರ್ಶೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ. ನೋವು, ಬಂಡಾಯ, ಒಂಟಿತನ ಎಂದರೆ ಪುಟಗಟ್ಟಲೆ ಬರೆಯುವ ನಾವು ಊಟ, ನಿದ್ದೆ, ಹೆಂಡತಿಯ ಬಳೆಯ ಸದ್ದು ಎಂದ ಕೂಡಲೇ ಇದೇನು ಮಹಾ ಎಂದು ಹಾಳೆ ಮಗುಚುತ್ತೇವೆ. ಕೆ.ಎಸ್. ನರಸಿಂಹಸ್ವಾಮಿಯವರು ಈ ತಾತ್ಸಾರವನ್ನು ಬಹುಕಾಲ ಹೊತ್ತರು. 1942ರಲ್ಲಿ ಬಂದ 'ಮೈಸೂರು ಮಲ್ಲಿಗೆ'ಯನ್ನು ಜನ ಎದೆಗೆ ಒತ್ತಿಕೊಂಡರು. ನವ್ಯದ ಕಾಲದಲ್ಲಿ ಆ ಜನಪ್ರಿಯತೆಯೇ ಆರೋಪವಾಯಿತು. ಗೋಪಾಲಕೃಷ್ಣ ಅಡಿಗರ 'ಪುಷ್ಪಕವಿಯ ಪರಾಕು' ಯಾರನ್ನು ಕುರಿತದ್ದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 1942 ಎಂದರೆ ಕ್ವಿಟ್ ಇಂಡಿಯಾ ಚಳವಳಿಯ ವರ್ಷ, ಎರಡನೆಯ ಮಹಾಯುದ್ಧದ ನಟ್ಟನಡುವೆ. ಊರಿಗೆ ಊರೇ ಬೀದಿಗಿಳಿದಿರುವಾಗ ಈ ಕವಿ ಮಾವನ ಮನೆಯ ದಾರಿ ಹಿಡಿದಿದ್ದಾರಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾವು ನಿಜವಾಗಿ ಓದಿದ್ದೇವೆಯೇ? 'ರಾಯರು ಬಂದರು' ಕವಿತೆಯನ್ನು ನಾವು ಕೇಳಿದ್ದೇ ಹೆಚ್ಚು, ಓದಿದ್ದು ಕಡಿಮೆ. ಭಾವಗೀತೆಯ ಕ್ಯಾಸೆಟ್ಟುಗಳು ಅದನ್ನು ಅಷ್ಟು ಸಿಹಿಯಾಗಿಸಿಬಿಟ್ಟಿವೆ.

ರಾಯರು ಬರುವುದು ರಾತ್ರಿ. ಹುಣ್ಣಿಮೆ ಬೆಳಕು, ಕಾಲಿಗೆ ಬಿಸಿನೀರು, ಊಟ, ಗಸಗಸೆ ಪಾಯಸ, ಮೆತ್ತನೆಯ ಹಾಸಿಗೆ, ಒಂದಕ್ಕೂ ಕೊರತೆಯಿಲ್ಲ. ಯಾರನ್ನು ನೋಡಲು ಬಂದರೋ ಆಕೆ ಮಾತ್ರ ಇಲ್ಲ. ಪದುಮಳು ಒಳಗಿಲ್ಲವೆಂದು ನಾದಿನಿ ನಗುತ್ತ ಹೇಳುತ್ತಾಳೆ. ಮುಸ್ಲಿಂ ಮನೆಯಲ್ಲಿ ಬೆಳೆದ ನನಗೆ ಈ 'ಒಳಗಿಲ್ಲ' ಎಂಬುದರ ಅರ್ಥ ಬಹಳ ದಿನ ಹೊಳೆದಿರಲಿಲ್ಲ. ಎಲ್ಲೋ ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡಿದ್ದೆ. ಮುಟ್ಟಾದವಳು ಹೊರಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಕಾಲೇಜಿನಲ್ಲಿ ಗೆಳತಿಯೊಬ್ಬಳು ನಕ್ಕು ತಿಳಿಹೇಳಿದ ಮೇಲೆಯೇ ರಾಯರ ಸಿಡುಕು ನನಗೆ ಅರ್ಥವಾದದ್ದು. ಬೆಳಗ್ಗೆ ಅವರು ಮುನಿದು ಹೊರಟು ನಿಲ್ಲುತ್ತಾರೆ. ಅಷ್ಟರಲ್ಲಿ ಪದುಮಳ ಸ್ನಾನಕ್ಕೆ ನೀರು ಕಾದಿರುವ ಸುದ್ದಿ ಬರುತ್ತದೆ. ಅವಳು ಹೂ ಮುಡಿಯುತ್ತ ಬರುತ್ತಾಳೆ.

ಹಾಗಾಗಿ ಇದು ಎಲ್ಲ ಸಿಕ್ಕವನ ಹಾಡಲ್ಲ. ಬೇಕಾದದ್ದೊಂದು ಸಿಗದ ರಾತ್ರಿಯನ್ನು ಕಳೆದವನ ಹಾಡು. ಅಷ್ಟೇ ಅಲ್ಲ, ಅವನ ಸುಖ ಅವನ ಕೈಯಲ್ಲೂ ಇಲ್ಲ. ಬಾಗಿಲು ತೆರೆದವರು, ನೀರು ಕಾಯಿಸಿದವರು, ಹಾಸಿಗೆ ಹಾಸಿದವರು, ಗೇಲಿ ಮಾಡಿದವರು ಎಲ್ಲರೂ ಸೇರಿ ಅದನ್ನು ಕಟ್ಟಿಕೊಡುತ್ತಾರೆ. ಮುಂದೆ ಇದೇ ಕವಿ 'ಇಕ್ಕಳ'ದಲ್ಲಿ ಚಳಿಗೂ ಬಿಸಿಲಿಗೂ ಮಳೆಗೂ ಗೊಣಗುವವರನ್ನು, ನಿಂತವನನ್ನೂ ಮಲಗಿದವನನ್ನೂ ಬಿಡದೆ ಕುಟುಕುವವರನ್ನು ಚಿತ್ರಿಸಿದರು. ಪಕ್ಕದಲ್ಲಿರುವವರು ನೆಮ್ಮದಿಯನ್ನು ಹೇಗೆ ಕೆಡಿಸಬಲ್ಲರು ಎಂಬುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಮಾತಿನ ತೂಕ ನನಗೆ ತಿಳಿದದ್ದು ಇನ್ನೊಂದು ತವರುಮನೆಯ ಕಥೆಯಿಂದ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಅದನ್ನು ತಲಾಖಿನ ಕಾದಂಬರಿ ಎಂದೇ ಚರ್ಚಿಸಿದ್ದೇವೆ, ಅದು ಸರಿಯೂ ಹೌದು. ಆದರೆ ನಾದಿರಾ ಬಯಸುವುದೇನು ಎಂದು ಕೇಳಿಕೊಳ್ಳಿ. ನದಿಯಾಚೆಯ ತನ್ನ ಮನೆ, ಗಂಡ ರಶೀದ್, ಎಳೆಮಗು, ಅಷ್ಟೆ. ಅವಳಿಗೂ ಗಂಡನಿಗೂ ಜಗಳವಿಲ್ಲ. ಹಣದ ವಿಷಯಕ್ಕೆ ಅಳಿಯನ ಮೇಲೆ ಮುನಿದ ತಂದೆ ತವರಿಗೆ ಬಂದ ಮಗಳನ್ನು ಮರಳಿ ಕಳಿಸುವುದಿಲ್ಲ. ಅವನ ಹಟದಿಂದಲೇ ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನ ಹೆಂಡತಿಯಾಗಬೇಕೆಂಬ ಮಾತು ಬಂದಾಗ ಅವಳು ಸಾವಿನ ಕಡೆಗೆ ನಡೆಯುತ್ತಾಳೆ.

ಒಂದು ಕಡೆ ಕತ್ತಲಾದ ಮೇಲೂ ಅಳಿಯನಿಗೆ ಬಾಗಿಲು ತೆರೆಯುವ ಮಾವನ ಮನೆ, ಇನ್ನೊಂದು ಕಡೆ ಬಾಗಿಲು ಹಾಕಿಕೊಳ್ಳುವ ಮಾವ. ನಾದಿರಾ ಕೇಳಿದ್ದು ರಾಯರಿಗೆ ಮರುದಿನ ಬೆಳಗ್ಗೆ ಸಿಕ್ಕಿದಷ್ಟನ್ನೇ. ಅದು ಸಣ್ಣ ಬಯಕೆ ಎನ್ನುವವರು ಕಾದಂಬರಿಯನ್ನು ಕೊನೆಯವರೆಗೆ ಓದಲಿ. ನವ್ಯರು ಎಡವಿದ್ದು ಇಲ್ಲಿಯೇ ಎಂದು ನನ್ನ ತಿಳುವಳಿಕೆ. ದಿನನಿತ್ಯದ ಸುಖ ಎಲ್ಲರಿಗೂ ತಾನಾಗಿ ಒದಗುವ ವಸ್ತು, ಕವಿ ಅದಕ್ಕಿಂತ ಮೇಲಿನದನ್ನು ಹಾಡಬೇಕು ಎಂದು ಅವರು ಭಾವಿಸಿದಂತಿದೆ. ಅದು ಒದಗದವರ ಮನೆಯೊಳಗಿಂದ ಬರೆದವರು ಸಾರಾ.

ಕೆ.ಎಸ್.ನ. ಅವರ ಪರ ಇಷ್ಟು ವಾದಿಸಿದ ಮೇಲೆ ನನ್ನದೊಂದು ತಕರಾರೂ ಇದೆ. 'ಒಂದಿರುಳು ಕನಸಿನಲಿ' ಕವಿತೆಯಲ್ಲಿ ಗಂಡ ತನ್ನೂರು ಚೆನ್ನವೋ ಹೆಂಡತಿಯ ಊರು ಚೆನ್ನವೋ ಎಂದು ಕೇಳುತ್ತಾನೆ. ಅದನ್ನೇಕೆ ಕೇಳುತ್ತೀರಿ, ಸುಮ್ಮನಿರಿ ಎಂದು ಅವಳು ಗದರುತ್ತಾಳೆ. ಎರಡು ಊರುಗಳನ್ನು ತಕ್ಕಡಿಗೆ ಹಾಕಲೊಪ್ಪದ ಆ ಗದರಿಕೆಯಲ್ಲಿ ತೃಪ್ತಿಯ ಗುಟ್ಟೇ ಇದೆ ಎಂದು ಮೆಚ್ಚುತ್ತಾ ಬಂದಿದ್ದೇನೆ. ಈಚೆಗೆ ಮತ್ತೆ ಓದುವಾಗ ಕಣ್ಣಿಗೆ ಬಿದ್ದದ್ದು, ಅವಳು ಮಾತಾಡುವುದು ಗಂಡನ ಕನಸಿನಲ್ಲಿ! ಎಚ್ಚರದಲ್ಲಿ ಕೇಳಿದ್ದರೆ ಏನೆನ್ನುತ್ತಿದ್ದಳೋ.

'ರಾಯರು ಬಂದರು' ಕವಿತೆಯಲ್ಲೂ ಹಾಗೆಯೇ. ರಾಯರ ಸಿಡುಕಿಗೆ ಜಾಗವಿದೆ, ನಾದಿನಿಯ ನಗುವಿಗೂ ಜಾಗವಿದೆ. ಗಂಡ ಬಂದಿರುವುದು ಗೊತ್ತಿದ್ದೂ ಹೊರಗೇ ಉಳಿದವಳು ಆ ಹುಣ್ಣಿಮೆಯ ರಾತ್ರಿ ಎಲ್ಲಿ ಮಲಗಿದ್ದಳು, ನಿದ್ದೆ ಬಂತೋ ಇಲ್ಲವೋ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ.