ಯಾರ ಪಾಪ? ಯೋಹಾನ 9:2ರ ಪ್ರಶ್ನೆಯೂ ನಮ್ಮ ಉತ್ತರವೂ

ಹುಟ್ಟುಕುರುಡನನ್ನು ಕಂಡ ಶಿಷ್ಯರ ಪ್ರಶ್ನೆಯಲ್ಲಿ ಆಯ್ಕೆಗಳು ಎರಡೇ: ಪಾಪ ಮಾಡಿದವನು ಇವನೋ, ಇವನ ಹೆತ್ತವರೋ. ಯಾವುದನ್ನು ಆರಿಸಿದರೂ, ಪಾಪವೇ ಕುರುಡುತನಕ್ಕೆ ಕಾರಣವೆಂಬ ಊಹೆಗೆ ಸಮ್ಮತಿ ಕೊಟ್ಟಂತಾಗುತ್ತದೆ. ಯೇಸು ಎರಡನ್ನೂ ನಿರಾಕರಿಸಿದನು. ಇಷ್ಟನ್ನು ನಮ್ಮ ಪ್ರಸಂಗಗಳು ಚೆನ್ನಾಗಿಯೇ ಹೇಳುತ್ತವೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಪಾಪ ಕಾರಣವಲ್ಲವಾದರೆ ದೇವರ ಮಹಿಮೆಯೇ ಕಾರಣ, ಅದಕ್ಕಾಗಿಯೇ ಆತನು ಇವನನ್ನು ಕುರುಡನಾಗಿ ಹುಟ್ಟಿಸಿದನು ಎಂದು ಅನೇಕ ಪ್ರಸಂಗಿಗಳು ಮುಗಿಸುತ್ತಾರೆ. ಒಂದು ಊಹೆಯನ್ನು ಕಿತ್ತೊಗೆದು, ಅದರ ಬೇರನ್ನು ಮಾತ್ರ ಉಳಿಸಿಕೊಂಡಂತಾಯಿತು: ಈ ಕುರುಡುತನಕ್ಕೆ ನಾವು ಹೆಸರಿಸಬಹುದಾದ ಕಾರಣವೊಂದು ಇರಲೇಬೇಕು ಎಂಬುದೇ ಆ ಬೇರು.

ಗ್ರೀಕ್ ಮೂಲದ ಮೂರನೆಯ ವಚನದಲ್ಲಿ, ಇದಕ್ಕಾಗಿ ಕುರುಡನಾದನು ಎಂಬ ಮಾತಿಲ್ಲ. ದೇವರ ಕ್ರಿಯೆಗಳು ತೋರಿಬರುವಂತೆ ಎಂದು ನಿಂತುಹೋಗುವ ಅಪೂರ್ಣ ವಾಕ್ಯವನ್ನು ಹಲವು ಭಾಷಾಂತರಗಳು ತಾವೇ ಪೂರೈಸುತ್ತವೆ. ಪ್ರಾಚೀನ ಹಸ್ತಪ್ರತಿಗಳಲ್ಲಿ ವಿರಾಮಚಿಹ್ನೆಗಳು ವಿರಳ. ಆದುದರಿಂದ ಕೆಲವು ಪಂಡಿತರು ಅದನ್ನು ನಾಲ್ಕನೆಯ ವಚನಕ್ಕೆ ಕೂಡಿಸಿ, ಆ ಕ್ರಿಯೆಗಳು ತೋರಿಬರುವಂತೆ ಹಗಲಿರುವಾಗಲೇ ಕೆಲಸಮಾಡಬೇಕು ಎಂದು ಓದುತ್ತಾರೆ. ಈ ಓದು ನಿರ್ವಿವಾದವೆಂದು ನಾವು ಹೇಳೆವು. 1:8ರಲ್ಲಿಯೂ ಇಂಥ ಅಪೂರ್ಣ ವಾಕ್ಯವಿದ್ದು, ಅಲ್ಲಿ ಕ್ರಿಯಾಪದವನ್ನು ನಾವೇ ಸೇರಿಸಿಕೊಳ್ಳಬೇಕಾಗುತ್ತದೆ. ಆದರೆ ರೂಢಿಯ ಓದನ್ನೇ ಹಿಡಿದರೂ, ಇಲ್ಲಿ ಹೇಳಿರುವುದು ಕಾರಣವಲ್ಲ, ಪರಿಣಾಮ ಎಂದು ನಾಲ್ಕನೆಯ ಶತಮಾನದಲ್ಲಿಯೇ ಕ್ರಿಸೊಸ್ತೋಮನು ಎಚ್ಚರಿಸಿದ್ದಾನೆ. ನಾಲ್ಕನೆಯ ವಚನದಲ್ಲಿ ಅತಿ ಹಳೆಯ ಪ್ರತಿಗಳು ‘ನಾನು’ ಎನ್ನದೆ ‘ನಾವು’ ಎನ್ನುತ್ತವೆ. ಕಾರಣ ಕೇಳಿದ ಶಿಷ್ಯರನ್ನೇ ಯೇಸು ಕೆಲಸಗಾರರ ಸಾಲಿಗೆ ಸೇರಿಸಿಕೊಂಡನು. (ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿಯೂ ಆತನು ಬದಲಿ ಕಾರಣವನ್ನು ಕೊಡಲಿಲ್ಲ.)

ಈ ವ್ಯತ್ಯಾಸ ವ್ಯಾಕರಣಕ್ಕೆ ಸೀಮಿತವಲ್ಲ. ಅಂಗವೈಕಲ್ಯವುಳ್ಳ ಮಗುವಿನ ತಾಯಿ, “ಅಯ್ಯನವರೇ, ನಾವೇನು ಪಾಪ ಮಾಡಿದ್ದೆವು?” ಎಂದು ಕೇಳುತ್ತಾಳೆ. ಶಿಷ್ಯರ ಪ್ರಶ್ನೆ ದಾರಿಯಲ್ಲಿ ಕಂಡವನ ಕುರಿತಾಗಿತ್ತು. ಇವಳದು ತನ್ನ ಕುರಿತು. ಪ್ರಶ್ನೆಯೇ ತಪ್ಪೆಂದು ಅವಳನ್ನು ತಿದ್ದಹೊರಡುವುದು ಕ್ರೌರ್ಯ. ಮೊದಲು ಹೇಳಬೇಕಾದದ್ದು, “ಇಲ್ಲಮ್ಮಾ, ನೀವು ಏನೂ ಮಾಡಲಿಲ್ಲ” ಎಂಬಷ್ಟೇ. ದೇವರ ಮಹಿಮೆಗಾಗಿ ಹೀಗಾಯಿತೆಂದು ಅದರ ಹಿಂದೆಯೇ ಸೇರಿಸಿದರೆ, ಅಪರಾಧವನ್ನು ಅವಳ ಹೆಗಲಿನಿಂದ ಇಳಿಸಿ ದೇವರ ಮೇಲೆ ಹೊರಿಸಿದ್ದಷ್ಟೇ ನಮ್ಮ ಸಾಧನೆ. ಆ ಮನೆಯಲ್ಲಿ ಸಭೆಗೆ ಕೆಲಸವೇನಿದೆಯೆಂಬ ಮಾತು ಬರುವುದೇ ಇಲ್ಲ.

ಇಂಥ ಊಹೆ ಸುಲಭವಾಗಿ ಸಾಯುವುದಿಲ್ಲ. ಅದೇ ಅಧ್ಯಾಯದ 34ನೆಯ ವಚನದಲ್ಲಿ, ಕಣ್ಣು ಬಂದವನನ್ನೇ ಫರಿಸಾಯರು ಹುಟ್ಟುಪಾಪಿಯೆಂದು ಜರೆದು ಹೊರಗೆ ಹಾಕುತ್ತಾರೆ. ಆಗ ಯೇಸು ಅವನನ್ನು ಹುಡುಕಿಕೊಂಡು ಹೋಗುತ್ತಾನೆ.