‘ಸ್ಟಾರ್ ವಾರ್ಸ್’ ಚಿತ್ರಗಳ ಪಾಠವಿಚಾರ

ಕೃತಿಯು ಕರ್ತೃವಿನ ಕೈಬಿಟ್ಟು ಲೋಕದ ಕೈಸೇರಿದ ಮೇಲೆ ಅದರಲ್ಲಿ ಯಾರಿಗೆ ಎಷ್ಟು ಅಧಿಕಾರವೆಂಬುದು ವಿಮರ್ಶೆಯ ಹಳೆಯ ಪ್ರಶ್ನೆಗಳಲ್ಲೊಂದು. ಲಿಪಿಕಾರರ ಪ್ರಮಾದದಿಂದ ಪಾಠವು ಕೆಟ್ಟಿದ್ದರೆ ಅದನ್ನು ಶೋಧಿಸುವುದು ಸಂಪಾದಕನ ಧರ್ಮವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಪಾಠವನ್ನು ಬದಲಾಯಿಸಿದವನು ಕರ್ತೃವೇ ಆಗಿದ್ದರೆ? ಕಡೆಯದಾಗಿ ತಿದ್ದಿದ ರೂಪವನ್ನು ಪ್ರಮಾಣವೆಂದು ಹಿಡಿಯಬೇಕೊ, ಲೋಕವು ಮೊದಲು ಕಂಡು ಮೆಚ್ಚಿದ ರೂಪವನ್ನೊ? ಈ ಪ್ರಶ್ನೆಯು ಓಲೆಯ ಗರಿಗೂ ಅಚ್ಚಿನ ಹಾಳೆಗೂ ಮಾತ್ರ ಸೇರಿದುದಲ್ಲ. ಚಲಚ್ಚಿತ್ರವೂ ಒಂದು ಪಾಠವೇ. ಅದಕ್ಕೂ ಮಾತೃಕೆಗಳುಂಟು, ಪಾಠಾಂತರಗಳುಂಟು, ಪ್ರಕ್ಷಿಪ್ತಗಳುಂಟು. ಅಮೆರಿಕದ ಜಾರ್ಜ್ ಲೂಕಸ್ ಅವರ ‘ಸ್ಟಾರ್ ವಾರ್ಸ್’ ಮಾಲೆಯ ಮೊದಲ ಮೂರು ಚಿತ್ರಗಳಲ್ಲಿ ಈ ಪ್ರಶ್ನೆಯು ಎದ್ದಿರುವಷ್ಟು ಸ್ಫುಟವಾಗಿ ಬೇರೆಡೆ ಎದ್ದಿರುವುದು ವಿರಳ. ಈ ಲೇಖಕನು ಆ ಚಿತ್ರಗಳ ಅಭಿಮಾನಿ. ಅಭಿಮಾನಿಯ ಮಾತು ವಿಮರ್ಶೆಯಾದೀತೆ ಎಂದು ವಾಚಕರು ಶಂಕಿಸಬಹುದು. ಕೃತಿಯನ್ನು ಪ್ರೀತಿಸಿದವನಲ್ಲದೆ ಅದರ ಒಂದೊಂದಕ್ಷರವನ್ನೂ ಎಣಿಸುವವನು ಬೇರೆ ಯಾರು?

ಮೊದಲು ಕಥೆಯ ಸಾರವನ್ನು ಹೇಳಿಬಿಡುವುದು ಯುಕ್ತ. ಬಹುದೂರದ ನಕ್ಷತ್ರಮಂಡಲವೊಂದರಲ್ಲಿ ಕ್ರೂರವಾದ ಸಾಮ್ರಾಜ್ಯವೊಂದುಂಟು. ಅದಕ್ಕೆ ಇದಿರಾಗಿ ದಂಗೆಯೆದ್ದವರ ಚಿಕ್ಕದೊಂದು ಪಡೆಯುಂಟು. ಲ್ಯೂಕ್ ಸ್ಕೈವಾಕರ್ ಎಂಬ ಒಕ್ಕಲುಮನೆಯ ಹುಡುಗ, ಲೇಯಾ ಎಂಬ ರಾಜಕುಮಾರಿ, ಹಣಕ್ಕಾಗಿ ನೌಕೆಯನ್ನು ನಡಸುವ ಹಾನ್ ಸೋಲೊ ಎಂಬ ಕಳ್ಳಸಾಗಣೆಗಾರ, ಇವರು ಈ ಪಕ್ಷದವರು. ಆ ಪಕ್ಷದಲ್ಲಿ ಕರಿಯ ಮುಖವಾಡದ ಡಾರ್ತ್ ವೇಡರನೂ ಅವನ ಒಡೆಯನಾದ ಚಕ್ರವರ್ತಿಯೂ ಇದ್ದಾರೆ. ವೇಡರನೇ ಲ್ಯೂಕನ ತಂದೆಯೆಂಬುದು ೧೯೮೦ರಲ್ಲಿ ಬಂದ ಎರಡನೆಯ ಚಿತ್ರದಲ್ಲಿ ಹೊರಬೀಳುತ್ತದೆ. ೧೯೮೩ರ ಮೂರನೆಯ ಚಿತ್ರದಲ್ಲಿ ತಂದೆಯು ಮಗನನ್ನು ಉಳಿಸುವುದಕ್ಕಾಗಿ ಚಕ್ರವರ್ತಿಯನ್ನು ಕೊಂದು ತಾನೂ ಮಡಿಯುತ್ತಾನೆ. ಇದಾದ ಮೇಲೆ ೧೯೯೯, ೨೦೦೨, ೨೦೦೫ರಲ್ಲಿ ಪೂರ್ವಕಥೆಯ ಮೂರು ಚಿತ್ರಗಳೂ, ೨೦೧೨ರಲ್ಲಿ ಲೂಕಸರ ಸಂಸ್ಥೆಯು ಡಿಸ್ನಿ ಸಂಸ್ಥೆಯ ವಶವಾದ ಬಳಿಕ ೨೦೧೫, ೨೦೧೭, ೨೦೧೯ರಲ್ಲಿ ಉತ್ತರಕಥೆಯ ಮೂರು ಚಿತ್ರಗಳೂ ಬಂದುವು. ಪ್ರಕೃತ ವಿಚಾರವು ಮೊದಲ ಮೂರಕ್ಕೆ ಮಾತ್ರ ಸೇರಿದುದು.

ಮೊದಲನೆಯ ಚಿತ್ರವು ೧೯೭೭ರ ಮೇ ೨೫ರಂದು ತೆರೆಯ ಮೇಲೆ ಬಂದಿತು. ಆಗ ಅದರ ಹೆಸರು ಬರಿಯ ‘ಸ್ಟಾರ್ ವಾರ್ಸ್’. ‘ನಾಲ್ಕನೆಯ ಪ್ರಕರಣ’ ಎಂಬ ಅಂಕಿತವೂ ‘ಎ ನ್ಯೂ ಹೋಪ್’ ಎಂಬ ಉಪನಾಮವೂ ಅದಕ್ಕೆ ಸೇರಿದುದು ೧೯೮೧ರ ಮರುಪ್ರದರ್ಶನದಲ್ಲಿ. ೧೯೭೭ರಲ್ಲಿಯೂ ಪಾಠವು ಒಂದೇ ಆಗಿರಲಿಲ್ಲ; ಚಿತ್ರಮಂದಿರದ ಯಂತ್ರಸೌಕರ್ಯಕ್ಕೆ ತಕ್ಕಂತೆ ಬೇರೆ ಬೇರೆ ಧ್ವನಿಮುದ್ರಣಗಳು ಸಿದ್ಧವಾಗಿದ್ದುವು, ಒಂದರಲ್ಲಿರುವ ಮಾತು ಮತ್ತೊಂದರಲ್ಲಿ ಇಲ್ಲ. ಆದರೆ ಇವೆಲ್ಲ ಅಲ್ಪಭೇದಗಳು. ದೊಡ್ಡ ಪರಿಷ್ಕರಣವಾದುದು ೧೯೯೭ರಲ್ಲಿ. ಗಣಕಯಂತ್ರದಿಂದ ರಚಿಸಿದ ಹೊಸ ದೃಶ್ಯಗಳನ್ನು ಸೇರಿಸಿ ಮೂರು ಚಿತ್ರಗಳನ್ನೂ ‘ವಿಶೇಷ ಆವೃತ್ತಿ’ಯೆಂದು ಮತ್ತೆ ಪ್ರಕಟಿಸಲಾಯಿತು. ೨೦೦೪, ೨೦೧೧, ೨೦೧೯ರಲ್ಲಿ ಮತ್ತೆ ಮತ್ತೆ ತಿದ್ದುಪಾಟುಗಳಾದುವು. ಇವುಗಳಲ್ಲಿ ನಾಲ್ಕನ್ನು ಮಾತ್ರ ಆರಿಸಿ ಪರೀಕ್ಷಿಸೋಣ.

ಮೊದಲನೆಯದು ಪಾನಗೃಹದ ಪ್ರಸಂಗ. ಸಾಲ ತೀರಿಸದ ಹಾನ್ ಸೋಲೊನನ್ನು ಹಿಡಿಯಲು ಗ್ರೀಡೊ ಎಂಬ ಬೇಟೆಗಾರನು ಬಂದು ಇದಿರಿಗೆ ಕುಳಿತು ಆಯುಧವನ್ನು ಗುರಿಯಿಡುತ್ತಾನೆ. ಹಾನನು ಮಾತಿನಲ್ಲಿ ಕಾಲ ಕಳೆಯುತ್ತ, ಮೇಜಿನ ಕೆಳಗೆ ತನ್ನ ಆಯುಧವನ್ನು ಸಡಿಲಿಸಿಕೊಂಡು, ಅವನನ್ನು ಕೊಂದು, ಅಂಗಡಿಯವನತ್ತ ಒಂದು ನಾಣ್ಯವನ್ನು ಎಸೆದು ಹೊರಟುಹೋಗುತ್ತಾನೆ. ೧೯೭೭ರ ಪಾಠದಲ್ಲಿ ಗುಂಡು ಹಾರಿಸುವವನು ಹಾನನೊಬ್ಬನೇ. ೧೯೯೭ರ ಪಾಠದಲ್ಲಿ ಗ್ರೀಡೊ ಮೊದಲು ಹಾರಿಸಿ, ಒಂದು ಮೇಜಿನ ಅಂತರದಲ್ಲಿಯೂ ಗುರಿತಪ್ಪುತ್ತಾನೆ. ೨೦೦೪ರಲ್ಲಿ ಇಬ್ಬರೂ ಹೆಚ್ಚುಕಡಮೆ ಒಟ್ಟಿಗೆ ಹಾರಿಸುತ್ತಾರೆ. ೨೦೧೯ರಲ್ಲಿ ಗ್ರೀಡೊನ ಬಾಯಿಗೆ ‘ಮಕ್ಲಂಕಿ’ ಎಂಬ ಹೊಸ ಮಾತೊಂದು ಬಂದು ಸೇರಿತು. ಮುಂದೆ ರಾಜಕುಮಾರಿಯ ಕೈಹಿಡಿಯುವವನು ನಿಷ್ಕರುಣಿಯಾದ ಕೊಲೆಗಾರನಾಗಿರಬಾರದೆಂಬುದು ಲೂಕಸರ ಸಮಾಧಾನ. ಇಲ್ಲಿಯೇ ದೋಷವಿರುವುದು. ಚಿತ್ರದ ಕೊನೆಯಲ್ಲಿ, ಕೂಲಿಯನ್ನು ಪಡೆದು ಹೊರಟುಹೋಗಿದ್ದ ಹಾನನು ಪ್ರಾಣವನ್ನು ಲೆಕ್ಕಿಸದೆ ಹಿಂತಿರುಗಿ ಲ್ಯೂಕನನ್ನು ಉಳಿಸುತ್ತಾನೆ. ಆ ಮರಳುವಿಕೆಗೆ ಬೆಲೆ ಬರುವುದು, ಅವನು ಹೊರಟ ಸ್ಥಳವು ಎಷ್ಟು ಕೆಳಗಿತ್ತೆಂಬುದನ್ನು ನಾವು ಕಂಡಿದ್ದರೆ ಮಾತ್ರ. ಮೊದಲೇ ಸಜ್ಜನನಾದವನು ಕೊನೆಯಲ್ಲಿ ಸೌಜನ್ಯವನ್ನು ತೋರಿಸಿದರೆ ಅದರಲ್ಲಿ ಪಾತ್ರದ ಬೆಳವಣಿಗೆಯೇನು ಬಂತು?

ಎರಡನೆಯದು, ಹಾನನಿಗೆ ಸಾಲ ಕೊಟ್ಟ ಜಬ್ಬಾ ಎಂಬ ಖೂಳನ ಪ್ರಸಂಗ. ೧೯೭೭ರ ಚಿತ್ರದಲ್ಲಿ ಅವನ ಹೆಸರು ಮಾತ್ರ ಕೇಳಿಬರುತ್ತದೆ. ನಟನೊಬ್ಬನನ್ನಿಟ್ಟು ತೆಗೆದಿದ್ದ ದೃಶ್ಯವನ್ನು ಆಗ ಕೈಬಿಡಲಾಗಿತ್ತು. ಕಾಣದ ಈ ಹೆಸರು ಎರಡು ಚಿತ್ರಗಳುದ್ದಕ್ಕೂ ಭಯವನ್ನು ಬೆಳಸಿಕೊಂಡು ಬಂದು, ೧೯೮೩ರಲ್ಲಿ ಜಿಗಣೆಯಂತಹ ಬೃಹತ್ಕಾಯದ ಜಂತುವಾಗಿ ಮೈದೋರುತ್ತದೆ. ೧೯೯೭ರಲ್ಲಿ, ಬಿಟ್ಟಿದ್ದ ದೃಶ್ಯವನ್ನು ಹೊರತೆಗೆದು, ನಟನಿದ್ದ ಸ್ಥಳದಲ್ಲಿ ಗಣಕದ ಜಬ್ಬಾನನ್ನು ಕೂಡಿಸಿ, ಮೊದಲನೆಯ ಚಿತ್ರಕ್ಕೇ ಸೇರಿಸಲಾಯಿತು. ಗ್ರೀಡೊ ಆಡಿಹೋದ ಮಾತುಗಳೇ ಇಲ್ಲಿ ಬಹುಮಟ್ಟಿಗೆ ಪುನರುಕ್ತವಾಗುತ್ತವೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಹಾನನು ಅವನ ಬಾಲವನ್ನೇ ತುಳಿದು ನಡೆಯುತ್ತಾನೆ. ಬಾಲ ತುಳಿಸಿಕೊಂಡವನಿಗೆ ಮುಂದೆ ಯಾರು ಹೆದರುವರು?

ಮೂರನೆಯದು ಮೂರನೆಯ ಚಿತ್ರದ ಕೊನೆಯ ನೋಟ. ಸಾಯುವ ಹೊತ್ತಿನಲ್ಲಿ ವೇಡರನ ಕೋರಿಕೆಯಂತೆ ಲ್ಯೂಕನು ಮುಖವಾಡವನ್ನು ತೆಗೆಯುತ್ತಾನೆ. ಗಾಯಗಳಿಂದ ಕೂಡಿದ, ಬಿಳಿಚಿದ, ವೃದ್ಧನೊಬ್ಬನ ಮುಖವು ಕಾಣುತ್ತದೆ. ಆ ಪಾತ್ರವನ್ನು ವಹಿಸಿದವರು ಸೆಬಾಸ್ಟಿಯನ್ ಷಾ. ಮುಂದೆ ವಿಜಯೋತ್ಸವದ ರಾತ್ರಿ, ಗತಿಸಿದ ಗುರುಗಳಿಬ್ಬರ ಪಕ್ಕದಲ್ಲಿ ಅದೇ ವೃದ್ಧನು ಗಾಯಗಳನ್ನು ಕಳೆದುಕೊಂಡು ತೇಜೋರೂಪದಿಂದ ಮಗನ ಕಣ್ಣಿಗೆ ಗೋಚರನಾಗುತ್ತಾನೆ. ೨೦೦೪ರಲ್ಲಿ ಷಾ ಅವರ ರೂಪವನ್ನು ತೆಗೆದು, ಪೂರ್ವಕಥೆಯಲ್ಲಿ ತಂದೆಯ ಯೌವನವನ್ನು ನಟಿಸಿದ ಹೇಡನ್ ಕ್ರಿಸ್ಟೆನ್ಸನ್ ಅವರ ರೂಪವನ್ನು ಇರಿಸಲಾಯಿತು. ಷಾ ಅವರು ೧೯೯೪ರಲ್ಲಿಯೇ ತೀರಿಕೊಂಡಿದ್ದರು. ಲ್ಯೂಕನು ಈ ತರುಣನನ್ನು ಎಂದೂ ಕಂಡವನಲ್ಲ. ಅವನು ಕಂಡುದು, ಕ್ಷಮಿಸಿದುದು, ಚಿತೆಯೇರಿಸಿದುದು ಆ ಮುದುಕನನ್ನು. ಪಾಪ ಮಾಡಿ ಮುದುಕನಾದವನಿಗೂ ಬಿಡುಗಡೆಯುಂಟೆಂಬುದು ೧೯೮೩ರ ಪಾಠದ ಅರ್ಥ. ಪಾಪಕ್ಕೆ ಮುಂಚಿನವನು ಮಾತ್ರ ಉಳಿದನೆಂಬುದು ೨೦೦೪ರ ಪಾಠದ ಅರ್ಥ. ಎರಡೂ ಒಂದೇ ಕಥೆಯಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹೆಚ್ಚು ಕೆಡಿಸಿದುದು. ಚಕ್ರವರ್ತಿಯು ಲ್ಯೂಕನನ್ನು ಮಿಂಚಿನಿಂದ ಹಿಂಸಿಸುತ್ತಿದ್ದಾನೆ. ಪಕ್ಕದಲ್ಲಿ ವೇಡರನು ನಿಂತಿದ್ದಾನೆ. ಮಗನು ಅಪ್ಪನನ್ನು ಕೂಗಿ ಮೊರೆಯಿಡುತ್ತಾನೆ. ಮುಖವಾಡವು ಒಮ್ಮೆ ಮಗನತ್ತ, ಒಮ್ಮೆ ಒಡೆಯನತ್ತ ತಿರುಗುತ್ತದೆ. ಮರುಕ್ಷಣದಲ್ಲಿ ವೇಡರನು ಚಕ್ರವರ್ತಿಯನ್ನು ಎತ್ತಿ ಪಾತಾಳಕ್ಕೆ ಎಸೆಯುತ್ತಾನೆ. ೧೯೮೩ರಲ್ಲಿ ಇದೆಲ್ಲವೂ ವೇಡರನ ಒಂದು ಮಾತೂ ಇಲ್ಲದೆ ನಡೆಯುತ್ತದೆ. ಮುಖವಾಡಕ್ಕೆ ಭಾವವಿಲ್ಲ, ಬಾಯಿಗೆ ಮಾತಿಲ್ಲ. ಆದರೂ ಒಳಗಿನ ಹೋರಾಟವೆಲ್ಲವೂ ನಮಗೆ ತಿಳಿಯುತ್ತದೆ. ಇದನ್ನೇ ಅಲ್ಲವೆ ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದು? ೨೦೧೧ರ ಪಾಠದಲ್ಲಿ ವೇಡರನು ‘ಬೇಡ, ಬೇಡ’ ಎಂದು ಅರ್ಥ ಬರುವಂತೆ ಅರಚುತ್ತಾನೆ. ವ್ಯಂಗ್ಯವಾಗಿದ್ದುದು ವಾಚ್ಯವಾಯಿತು. ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಸ್ವಶಬ್ದವಾಚ್ಯತ್ವವೆಂಬ ರಸದೋಷವಾಗಿ ಶಾಸ್ತ್ರಕಾರರು ಎಣಿಸಿದ್ದಾರೆ. ಈ ಅರಚಾಟವು ಅದಕ್ಕೆ ಒಡಹುಟ್ಟಿದುದು.

ತಿದ್ದುಪಾಟುಗಳೆಲ್ಲವೂ ಕೆಟ್ಟವೆಂದು ಹೇಳುವುದು ನ್ಯಾಯವಲ್ಲ. ಎರಡನೆಯ ಚಿತ್ರದ ಮುಗಿಲೂರಿನ ಗೋಡೆಗಳಿಗೆ ೧೯೯೭ರಲ್ಲಿ ಕಿಟಕಿಗಳನ್ನು ತೆರೆದುದರಿಂದ ಆ ನಗರಕ್ಕೆ ಬೆಳಕೂ ವಿಸ್ತಾರವೂ ಬಂದುವು. ಅದೇ ಚಿತ್ರದಲ್ಲಿ ಬೇರೊಬ್ಬರ ಮುಖ, ಬೇರೊಬ್ಬರ ಕಂಠಗಳಿಂದ ರಚಿತನಾಗಿದ್ದ ಚಕ್ರವರ್ತಿಯ ಸ್ಥಾನಕ್ಕೆ ೨೦೦೪ರಲ್ಲಿ ಇಯಾನ್ ಮೆಕ್‌ಡೈರ್ಮಿಡ್ ಅವರನ್ನು ತಂದುದರಿಂದ ಪಾತ್ರಕ್ಕೆ ಏಕರೂಪತೆ ಬಂದಿತೆಂದು ವಾದಿಸಬಹುದು. ಆದರೆ ಮೇಲೆ ಹೇಳಿದ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಬೇರು ಒಂದೇ ಎಂಬುದು ಕಾಣುತ್ತದೆ. ಹಾನನು ಒಳ್ಳೆಯವನೆಂದು ತಿಳಿಯದೆ ಹೋದಾರು, ಜಬ್ಬಾ ಯಾರೆಂದು ತಿಳಿಯದೆ ಹೋದಾರು, ಆ ವೃದ್ಧನು ಯಾರೆಂದು ತಿಳಿಯದೆ ಹೋದಾರು, ವೇಡರನ ಮನಸ್ಸು ತಿಳಿಯದೆ ಹೋದೀತು ಎಂಬ ಅಂಜಿಕೆಯೇ ಆ ಬೇರು. ೧೯೭೭ರ ತರುಣನಾದ ಲೂಕಸರು ಪ್ರೇಕ್ಷಕನನ್ನು ನಂಬಿದ್ದರು. ೧೯೯೭ರ ಮತ್ತು ಅನಂತರದ ಲೂಕಸರು ನಂಬಲಿಲ್ಲ. ಸಹೃದಯನಲ್ಲಿ ವಿಶ್ವಾಸ ತಪ್ಪಿದ ಕವಿಯು ವ್ಯಾಖ್ಯಾನವನ್ನು ಮೂಲದೊಳಗೇ ತುರುಕುತ್ತಾನೆ.

ಕೃತಿ ಅವರದು, ತಿದ್ದುವ ಹಕ್ಕೂ ಅವರದೇ ಎಂಬ ಪೂರ್ವಪಕ್ಷಕ್ಕೆ ಎರಡು ಉತ್ತರಗಳುಂಟು. ಒಂದು, ಚಲಚ್ಚಿತ್ರವು ಏಕಕರ್ತೃಕವಲ್ಲ. ಎರಡನೆಯ ಚಿತ್ರದ ನಿರ್ದೇಶಕರು ಅರ್ವಿನ್ ಕರ್ಷ್‌ನರ್; ಮೂರನೆಯದರ ನಿರ್ದೇಶಕರು ರಿಚರ್ಡ್ ಮಾರ್ಕ್ವಾಂಡ್; ಇವರು ೧೯೮೭ರಲ್ಲಿ ನಿಧನರಾದರು, ಅವರ ಚಿತ್ರಕ್ಕಾದ ದೊಡ್ಡ ಬದಲಾವಣೆಗಳೆಲ್ಲವೂ ಆಮೇಲಿನವು. ಮೊದಲನೆಯ ಚಿತ್ರದ ಸಂಕಲನಕ್ಕಾಗಿ ಪಾಲ್ ಹರ್ಷ್, ಮಾರ್ಷಾ ಲೂಕಸ್, ರಿಚರ್ಡ್ ಚ್ಯೂ ಈ ಮೂವರು ಅಕಾಡೆಮಿ ಪ್ರಶಸ್ತಿಯನ್ನು ಪಡೆದರು; ಆ ಪ್ರಶಸ್ತಿಗೆ ಪಾತ್ರವಾದುದು ೧೯೭೭ರ ಪಾಠವೇ ಹೊರತು ತಿದ್ದಿದ ಪಾಠವಲ್ಲ. ಎರಡು, ತಿದ್ದುವ ಹಕ್ಕು ಬೇರೆ, ಮೊದಲಿನದನ್ನು ಮರೆಮಾಡುವ ಹಕ್ಕು ಬೇರೆ. ವರ್ಡ್ಸ್‌ವರ್ತ್ ಕವಿಯು ‘ಪ್ರೆಲ್ಯೂಡ್’ ಕಾವ್ಯವನ್ನು ಜೀವಮಾನವೆಲ್ಲ ತಿದ್ದುತ್ತಲೇ ಇದ್ದನು. ತಿದ್ದಿದ ಪಾಠವು ಅವನು ಕಾಲವಾದ ೧೮೫೦ರಲ್ಲಿ ಅಚ್ಚಾಯಿತು. ೧೮೦೫ರ ಪಾಠವನ್ನು ಡಿ ಸೆಲಿಂಕೋರ್ಟ್ ಅವರು ೧೯೨೬ರಲ್ಲಿ ಹೊರತಂದಾಗ ಕವಿಗೆ ಅಪಚಾರವಾಯಿತೆಂದು ಇಂದು ಯಾರೂ ಹೇಳುವುದಿಲ್ಲ. ಎರಡನ್ನೂ ಇದಿರಿಟ್ಟುಕೊಂಡೇ ನಾವು ಪಾಠ ಹೇಳುತ್ತೇವೆ.

ವಿಚಿತ್ರವೆಂದರೆ, ಈ ಪಕ್ಷಕ್ಕೆ ಅತ್ಯುತ್ತಮವಾದ ಸಾಕ್ಷಿ ಲೂಕಸರೇ. ಕಪ್ಪುಬಿಳುಪಿನ ಹಳೆಯ ಚಿತ್ರಗಳಿಗೆ ಒಡೆತನದ ಸಂಸ್ಥೆಗಳು ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ, ೧೯೮೮ರಲ್ಲಿ, ಅವರು ಅಮೆರಿಕದ ಶಾಸನಸಭೆಯ ಮುಂದೆ ನಿಂತು, ಕಲಾಕೃತಿಗಳನ್ನು ಲಾಭಕ್ಕಾಗಿ ವಿಕೃತಗೊಳಿಸುವವರು ಅನಾಗರಿಕರೆಂದೂ, ಅವು ಜನತೆಯ ಸಾಂಸ್ಕೃತಿಕ ಸ್ವತ್ತೆಂದೂ ವಾದಿಸಿದರು. ಮರುವರ್ಷವೇ ರಾಷ್ಟ್ರೀಯ ಚಿತ್ರನಿಧಿಗೆ ಮೊದಲು ಆರಿಸಿದ ೨೫ ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಒಂದಾಯಿತು. ಅದೇ ಲೂಕಸರು ಮುಂದೆ, ಪರಿಷ್ಕೃತವಾದುದೇ ತಾವು ಬಯಸಿದ್ದ ಕೃತಿ, ಹಳೆಯದು ಅರ್ಧ ಮುಗಿದುದೆಂದು ಹೇಳಿ ಅದನ್ನು ಹಿಂದಕ್ಕೆ ಸರಿಸಿದರು. ೨೦೦೬ರಲ್ಲಿ ಹಳೆಯ ಪಾಠವನ್ನು ಡಿ.ವಿ.ಡಿ. ರೂಪದಲ್ಲಿ ಕೊಟ್ಟರಾದರೂ ಅದು ಪರಿಷ್ಕೃತ ಪಾಠಕ್ಕೆ ಬಾಲಂಗೋಚಿಯಾಗಿ, ೧೯೯೩ರ ಲೇಸರ್ ತಟ್ಟೆಗಾಗಿ ಮಾಡಿದ ಪ್ರತಿಯಿಂದ ತೆಗೆದುದಾಗಿತ್ತು.

ಆಗ ಆ ಕೆಲಸಕ್ಕೆ ಕೈಯಿಟ್ಟವರು ಅಭಿಮಾನಿಗಳು. ಹಳೆಯ ಚಿತ್ರಸುರುಳಿಗಳನ್ನು ಹುಡುಕಿ, ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ, ಬಣ್ಣವನ್ನೂ ಧ್ವನಿಯನ್ನೂ ಒರೆಗೆ ಹಚ್ಚಿ, ೧೯೭೭ರ ಪಾಠವನ್ನು ಅವರು ಪುನರ್ರಚಿಸಿದರು. ಕಾಯಿದೆಯ ಕಣ್ಣಿನಲ್ಲಿ ಅವರ ಸ್ಥಾನವೇನೇ ಇರಲಿ, ವಿಧಾನದಲ್ಲಿ ಅದು ಗ್ರಂಥಸಂಪಾದನೆಯೇ. ಆ ಶ್ರದ್ಧೆಯು ವ್ಯರ್ಥವಾಗಲಿಲ್ಲ. ೨೦೨೫ರ ಜೂನ್ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ೧೯೭೭ರ ಮೂಲಪ್ರತಿಯೊಂದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿತು; ಅದೇ ವರ್ಷ ಒಡೆತನದ ಸಂಸ್ಥೆಯು, ಐವತ್ತನೆಯ ವರ್ಷವಾದ ೨೦೨೭ರಲ್ಲಿ ಮೊದಲ ಪಾಠವನ್ನೇ ಜೀರ್ಣೋದ್ಧಾರಮಾಡಿ ತೆರೆಗೆ ತರುವುದಾಗಿ ಪ್ರಕಟಿಸಿತು.

ಇದು ಸಂತೋಷದ ವಾರ್ತೆ. ಆದರೆ ಒಂದು ಉತ್ಸವದ ಪ್ರದರ್ಶನದಿಂದ ಪಾಠವು ಉಳಿಯುವುದಿಲ್ಲ. ಕೇಳಿದ ವಿದ್ಯಾರ್ಥಿಗೆ ಕೇಳಿದಾಗ ದೊರೆಯುವಂತೆ ಎರಡು ಪಾಠಗಳೂ ಸಮಾನ ಗೌರವದಿಂದ ಅಕ್ಕಪಕ್ಕದಲ್ಲಿರಬೇಕು. ತಿದ್ದಿದುದನ್ನು ಸುಡಬೇಕೆಂದು ಈ ಲೇಖಕನ ವಾದವಲ್ಲ. ಅದೂ ಕರ್ತೃವಿನ ಮನಸ್ಸಿನ ಇತಿಹಾಸಕ್ಕೆ ಸೇರಿದುದು. ಮೇಲುಗಡೆ ಯಾವುದಿರಬೇಕು, ಅಡಿಟಿಪ್ಪಣಿಯಲ್ಲಿ ಯಾವುದಿರಬೇಕೆಂಬುದನ್ನು ಮಾತ್ರ ಸಹೃದಯರು ನಿರ್ಣಯಿಸಲಿ. ಆ ನಿರ್ಣಯಕ್ಕೆ ಎರಡೂ ಕಣ್ಣಮುಂದಿರುವುದು ಅವಶ್ಯ.