ಡಿಸ್ಕಿಲ್ಲದೆ ಎದ್ದು ನಿಲ್ಲುವ ಯಂತ್ರ

ಡಿಸ್ಕ್ ಇಲ್ಲದ ಕಂಪ್ಯೂಟರಿನ ಸ್ವಿಚ್ ಒತ್ತಿದಾಗ ಅದರ ಕೈಲಿರುವ ಮುಖ್ಯ ಗುರುತೆಂದರೆ ನೆಟ್‌ವರ್ಕ್ ಕಾರ್ಡಿನ ಆರು ಬೈಟುಗಳ ಮ್ಯಾಕ್ ವಿಳಾಸ. ಅಷ್ಟನ್ನೇ ಹಿಡಿದು ಅದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: ನನಗೊಂದು ಐಪಿ ಕೊಡಿ, ಯಾವ ಫೈಲ್ ತರಬೇಕು ಹೇಳಿ. ಈ ಕೂಗಿಗೆ 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಹಾಕಿಕೊಟ್ಟ ಕ್ರಮವೇ ಬೂಟ್‌ಪಿ. ಡಿಎಚ್‌ಸಿಪಿ ಬೆಳೆದದ್ದು ಅದರಿಂದ; ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಇಂಟೆಲ್‌ನ ಪಿಎಕ್ಸ್‌ಇ ನಿಂತಿರುವುದು ಡಿಎಚ್‌ಸಿಪಿಯ ಮೇಲೆ.

ಈ ಹಾದಿಯಲ್ಲಿ ಹೆಚ್ಚು ಬೈಗುಳ ತಿನ್ನುವುದು ಫೈಲ್ ಹೊತ್ತು ತರುವ ಟಿಎಫ್‌ಟಿಪಿ. ಮೂಲ ನಿಯಮದಂತೆ ಅದು ಫೈಲನ್ನು 512 ಬೈಟುಗಳ ತುಣುಕು ಮಾಡಿ ಕಳಿಸುತ್ತದೆ. ಒಂದು ತುಣುಕು ಮುಟ್ಟಿತೆಂಬ ಉತ್ತರ ಬಂದ ಮೇಲಷ್ಟೇ ಇನ್ನೊಂದು. 50 ಎಂಬಿಯ ಫೈಲಾದರೆ ಒಂದು ಲಕ್ಷಕ್ಕೂ ಹೆಚ್ಚು ಸಲ ಕಾಯಬೇಕು. ತುಣುಕಿನ ಗಾತ್ರ ಹಿಗ್ಗಿಸುವ ಸೌಲಭ್ಯ ಆಮೇಲೆ ಬಂತು, ನಿಜ. ಆದರೂ ನಾನು ಟಿಎಫ್‌ಟಿಪಿಯನ್ನು ಬಿಟ್ಟುಕೊಡಲಾರೆ. ಲಾಗಿನ್ ಇಲ್ಲ, ಫೈಲುಗಳ ಪಟ್ಟಿ ತೋರಿಸುವ ಗೊಡವೆ ಇಲ್ಲ. ಅದಕ್ಕೇ ಕಾರ್ಡಿನ ಪುಟ್ಟ ರೋಮ್ ಚಿಪ್ಪಿನೊಳಗೆ ಅದು ಹಿಡಿಸಿತು. ತಪ್ಪು ಅದರ ಬೆನ್ನ ಮೇಲೆ ಇಡೀ ಆಪರೇಟಿಂಗ್ ಸಿಸ್ಟಮ್ ಹೇರುವವರದು. ಮೊದಲ ಪುಟ್ಟ ಫೈಲಾಗಿ ಎಚ್‌ಟಿಟಿಪಿ ಬಲ್ಲ ಬೂಟ್‌ಲೋಡರ್ ಐಪಿಎಕ್ಸ್‌ಇಯನ್ನು ಅದರಿಂದ ತರಿಸಿ, ಉಳಿದದ್ದನ್ನು ಎಚ್‌ಟಿಟಿಪಿಗೆ ಬಿಡಿ. ಒಂದು ಎಚ್ಚರಿಕೆ: ಐಪಿಎಕ್ಸ್‌ಇ ಎದ್ದೊಡನೆ ಮತ್ತೆ ಡಿಎಚ್‌ಸಿಪಿ ಕೇಳುತ್ತದೆ. ಸರ್ವರ್ ಅದರ ಗುರುತು ಹಿಡಿದು ಬೇರೆ ಉತ್ತರ ಕೊಡದಿದ್ದರೆ, ತನ್ನನ್ನೇ ತಾನು ತರಿಸಿಕೊಳ್ಳುತ್ತ ಸುತ್ತುತ್ತಲೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕುಸುರಿ ಇರುವುದು ಎಚ್. ಪೀಟರ್ ಆನ್ವಿನ್ ಬರೆದ ಬೂಟ್‌ಲೋಡರ್ ಪಿಎಕ್ಸ್‌ಇಲಿನಕ್ಸ್‌ನಲ್ಲಿ. ಸರ್ವರಿನ ಲಾಗ್‌ನಲ್ಲಿ 'ಫೈಲ್ ಸಿಗಲಿಲ್ಲ' ಎಂಬ ಸಾಲುಗಳು ಒಂದರ ಹಿಂದೊಂದು ಬಿದ್ದಾಗ ಹೊಸಬರು ಗಾಬರಿಯಾಗುತ್ತಾರೆ. ಏನೂ ಕೆಟ್ಟಿಲ್ಲ, ಪಿಎಕ್ಸ್‌ಇಲಿನಕ್ಸ್ ಹುಡುಕುತ್ತಿದೆ. ಮ್ಯಾಕ್ ವಿಳಾಸದ ಹೆಸರಿನ ಸಂರಚನಾ ಫೈಲ್ ಕೇಳುತ್ತದೆ. ಅದಿಲ್ಲದಿದ್ದರೆ ಐಪಿಯನ್ನು ಹೆಕ್ಸ್‌ಗೆ ತಿರುಗಿಸುತ್ತದೆ: 192.168.1.42 ಆದರೆ ಸಿ0ಎ8012ಎ. ಸಿಗಲಿಲ್ಲವೇ? ಕೊನೆಯಿಂದ ಒಂದೊಂದೇ ಅಕ್ಷರ ಬಿಡುತ್ತ ಬರುತ್ತದೆ, ಮನೆ ಗೊತ್ತಾಗದವರು ಬೀದಿ ಕೇಳಿ, ಆಮೇಲೆ ಊರು ಕೇಳುವ ಹಾಗೆ. ಯಾವುದೂ ಸಿಗದಿದ್ದರೆ ಕೊನೆಗೆ ಡಿಫಾಲ್ಟ್. ಒಂದಕ್ಷರ ಬಿಟ್ಟರೆ 16 ಯಂತ್ರಗಳ ಗುಂಪು, ಎರಡು ಬಿಟ್ಟರೆ 256 ವಿಳಾಸಗಳ ಇಡೀ ಲ್ಯಾಬು. ಡೇಟಾಬೇಸ್ ಬೇಡ, ಪ್ರತ್ಯೇಕ ತಂತ್ರಾಂಶವೂ ಬೇಡ. ಸಿ0ಎ801 ಎಂಬ ಒಂದು ಫೈಲ್ ಬರೆದಿಟ್ಟರೆ ಲ್ಯಾಬಿನ ಎಲ್ಲ ಯಂತ್ರಗಳಿಗೂ ಅದೇ ಸಾಕು. ಯಾವುದೋ ಒಂದಕ್ಕೆ ಬೇರೆಯದೇ ಕರ್ನಲ್ ಬೇಕಾದರೆ ಅದರ ಮ್ಯಾಕ್ ಹೆಸರಿನಲ್ಲಿ ಇನ್ನೊಂದು ಫೈಲ್ ಇಡಿ.